ವಯಲಾರಿನ ಅಂಗಳದಲ್ಲಿ ಕೇಪಳ ಹೂ

ಕೊಚ್ಚಿಯಲ್ಲಿ ಗೆಳತಿ ಮಗಳ ಮದುವೆ ಇತ್ತು. ಮುಗಿಸ್ಕೊಂಡು ಒಂದಿನ ಆಲಪ್ಪುಳದಲ್ಲಿ ಸುತ್ತಾಡಿ ಊರಿಗೆ ಬರೋದು ಅಂತ ಲೆಕ್ಕ ಹಾಕಿದ್ದೆ. ಆ ಆಲಪ್ಪುಳ ನೋಡಲೇ ಇಲ್ಲ, ಅದ್ರ ಬಗ್ಗೆ ಬೇಜಾರೂ ಇಲ್ಲ. ಹೌಸ್‌ಬೋಟ್ ಒಳಗೆ ಎಸಿ ಹಾಕ್ಕೊಂಡು ಗಾಜಿನಿಂದ ನೀರು ನೋಡೋದು ನಂಗೆ ಮೊದಲಿಂದ್ಲೂ ಹಿಡಿಸಲ್ಲ.

ಆಗಿದ್ದು ಇಷ್ಟು. ಮದುವೆ ಹಿಂದಿನ ರಾತ್ರಿ ಹೆಂಗಸರೆಲ್ಲ ಕೂತು ಹಾಡ್ತಿದ್ರು, ಯಾರೋ "ಚೆತ್ತಿ ಮಂದಾರಂ ತುಳಸಿ" ಶುರು ಮಾಡಿದ್ರು, ನಾನೂ ಪೂರ್ತಿ ಹಾಡಿದೆ. ನಮ್ಮದು ಕುಂಬಳೆ ಹತ್ರ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ. ನಮ್ಮ ಅಜ್ಜಿಗೆ ಮಲಯಾಳಂ ಓದೋಕೆ ಬರ್ತಿರ್ಲಿಲ್ಲ, ಆದ್ರೆ ದಿನಾ ಸಂಜೆ ದೀಪ ಹಚ್ಚಿ ಈ ಹಾಡು ಹೇಳೋರು, ಅದಕ್ಕೇ ಬಾಯಿಪಾಠ. ಯಾವುದೋ ಹಳೇ ಕಾಲದ ಗುರುವಾಯೂರು ಭಕ್ತರು ಬರೆದ ಕೀರ್ತನೆ ಅಂತ್ಲೇ ಐವತ್ತು ವರ್ಷ ನಂಬ್ಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗನ ಕಡೆಯ ಒಬ್ಬರು ರಿಟೈರ್ಡ್ ಟೀಚರ್ ಹೇಳಿದ್ರು, ಇದು ಸಿನಿಮಾ ಹಾಡು, 1969ರ 'ಅಡಿಮಗಳ್', ಹಾಡಿದ್ದು ಪಿ. ಸುಶೀಲಾ, ಬರೆದಿದ್ದು ವಯಲಾರ್ ರಾಮವರ್ಮ, ರಾಗ ಹಾಕಿದ್ದು ಜಿ. ದೇವರಾಜನ್, ದೇವರಾಜನ್ ಮಾಷ್ ಅಂತೂ ದೇವರನ್ನೇ ನಂಬದವರು ಅಂತ. ವಯಲಾರ್ ಅಂದ್ರೆ ಕ್ರಾಂತಿಗೀತೆ ಬರೆದ ವಯಲಾರ್! ತಿರುವನಂತಪುರದ ಪಾಳಯಂ ಹುತಾತ್ಮ ಸ್ತಂಭಕ್ಕೆ ಅಂತ 1957ರಲ್ಲಿ ಇದೇ ಇಬ್ಬರು ಸೇರಿ ಮಾಡಿದ "ಬಲಿಕುಟೀರಂಗಳೇ" ಗೊತ್ತಿಲ್ಲದ ಮಲಯಾಳಿ ಇಲ್ಲ, ಅದೂ ಅವರೇ, ಅಜ್ಜಿಯ ದೀಪದ ಹಾಡೂ ಅವರೇ. ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ, ಮದುವೆ ಮುಗಿದ ಮಾರನೇ ದಿನವೇ ಆ ಕವಿಯ ಊರು ವಯಲಾರ್‌ಗೆ ಹೋಗೋದು ಅಂತ ತೀರ್ಮಾನ ಮಾಡ್ಬಿಟ್ಟೆ.

ಹೋಗುವವರು ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ. ಎರ್ನಾಕುಲಂನಿಂದ ತೆಂಕಕ್ಕೆ ಎರಡು ರೈಲು ದಾರಿ, ಒಂದು ಕೋಟ್ಟಯಂ ಮೇಲೆ, ಇನ್ನೊಂದು ಆಲಪ್ಪುಳ ಮೇಲೆ. ವಯಲಾರ್, ಚೇರ್ತಲ ಎರಡೂ ಆಲಪ್ಪುಳ ದಾರಿಯಲ್ಲಿ. ನಾನು ಪ್ಲಾಟ್‌ಫಾರ್ಮ್‌ನಲ್ಲಿ ಒಬ್ಬರನ್ನ ಕೇಳಿದೆ, ತಿರುವನಂತಪುರ ಗಾಡಿ ತಾನೇ ಹತ್ತಿ ಅಂದ್ರು, ಹತ್ತಿದೆ. ತೃಪ್ಪೂಣಿತ್ತುರ ಬೋರ್ಡ್ ನೋಡಿದಾಗಲೂ ಹೊಳೀಲಿಲ್ಲ, ಪಿರವಂ ರೋಡ್ ದಾಟಿದ ಮೇಲೆ ಎದುರು ಕೂತ ಹುಡುಗಿ "ಚೇಚಿ, ಇದು ಕೋಟ್ಟಯಂ ಗಾಡಿ" ಅಂದಾಗ ಎದೆ ಧಸಕ್ ಅಂತು. ಕೋಟ್ಟಯಂನಲ್ಲಿ ಇಳಿದು ಕುಮರಗಂ ಮೇಲೆ ಬಸ್ಸು, ತಣ್ಣೀರ್‌ಮುಕ್ಕಂ ಬಂಡ್ ದಾಟಿ ಚೇರ್ತಲ, ಅರ್ಧ ದಿನ ಹೋಯ್ತು, ಇನ್ನೂ ಹೊಟ್ಟೆ ಉರಿಯುತ್ತೆ. ಕುಟ್ಟನಾಡಿನ ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಕಾಯಲಿಗೆ, ಅಂದ್ರೆ ಹಿನ್ನೀರಿಗೆ, ಅಡ್ಡ ಕಟ್ಟಿರೋ ಆ ಬಂಡ್ ಮೇಲೆ ಬಸ್ಸು ಹೋಗುವಾಗ ಎರಡೂ ಬದಿ ನೀರು, ಅದೊಂದು ಮಾತ್ರ ಲಾಭ. 'ವಯಾ ಆಲಪ್ಪುಳ' ಅಂತ ಖಾತ್ರಿ ಮಾಡ್ಕೊಂಡೇ ಹತ್ತಿ. ವಯಲಾರ್ ಅನ್ನೋದು ಚಿಕ್ಕ ಸ್ಟೇಷನ್, ಎಕ್ಸ್‌ಪ್ರೆಸ್ ಗಾಡಿಗೆ ಚೇರ್ತಲದಲ್ಲೇ ಇಳೀಬೇಕು.

ಚೇರ್ತಲದಿಂದ ಆಟೋ. ಕವಿಯ ಮನೆ ಹೆಸರು ರಾಘವಪ್ಪರಂಬಿಲ್, ಅಷ್ಟು ಅಂದ ತಕ್ಷಣ ಡ್ರೈವರ್ ದಾರಿ ಕೇಳ್ದೆ ಹೊರಟ. ಮರಳು ಮಣ್ಣು, ತೆಂಗು, ಸಣ್ಣ ಸಣ್ಣ ತೋಡು. 1928ರ ಮಾರ್ಚ್ 25ಕ್ಕೆ ಕವಿ ಹುಟ್ಟಿದ್ದು ಇಲ್ಲೇ, ಕ್ಷತ್ರಿಯ ಮನೆತನ, ಹೆಸರಲ್ಲೇ ವರ್ಮ ಇದೆ. ಜನಿವಾರದ ಮನೆಯ ಹುಡುಗ 'ಕೊಂತಯುಂ ಪೂಣೂಲುಂ' ಅಂತ ಜಪಮಾಲೆ, ಜನಿವಾರ ಎರಡನ್ನೂ ಹೆಸರಲ್ಲಿಟ್ಟು ಕವನ ಸಂಕಲನ ತಂದವರು. ಮನೆ, ಸ್ಮಾರಕ ನೋಡಿದೆ. ಆದ್ರೆ ನಾನು ಹೇಳಬೇಕಾಗಿದ್ದು ಅಲ್ಲಿಂದ ಹುತಾತ್ಮರ ಮಂಟಪದ ಕಡೆ ನಡೆದು ಹೋಗ್ತಾ ಸಿಕ್ಕಿದ ಅಮ್ಮನ ಬಗ್ಗೆ.

ದಾರಿ ಬದಿ ಮನೆ, ಅಂಗಳದಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರು ಕತ್ತದ ನಾರು ಹರಡ್ತಾ ಇದ್ರು. ಬಿಸಿಲು ಅಂತ ನೀರು ಕೇಳ್ದೆ. ಜೀರಿಗೆ ಹಾಕಿ ಕುದಿಸಿದ ನೀರು ಕೊಟ್ರು, ಜಗಲಿಯಲ್ಲಿ ಕೂರು ಮೋಳೇ ಅಂದ್ರು. ಎಲ್ಲಿಂದ ಬಂದೆ, ಕಾಸರಗೋಡಿಂದ ಇಷ್ಟು ದೂರ ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿಯ ಹಾಡಿನ ಕಥೆ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ, ನಾರು ಬಿಡಿಸ್ತಾನೇ ಇದ್ರು. ಬೆರಳ ತುದಿಯೆಲ್ಲ ಒರಟಾಗಿ ಬಿರುಕು ಬಿಟ್ಟಿತ್ತು, ಚಿಕ್ಕಂದಿನಿಂದ ರಾಟೆ ಕೆಲಸ, ಸೊಂಟಕ್ಕೆ ನಾರು ಕಟ್ಕೊಂಡು ಹಿಂದಕ್ಕೆ ಹಿಂದಕ್ಕೆ ನಡೀತಾ ಹುರಿ ಮಾಡೋದು.

"ನಮ್ಮಪ್ಪನೂ ಕತ್ತದ ಕೆಲಸದವನೇ" ಅಂದ್ರು. "ಆವತ್ತು ವಾರಿಕುಂತ ಹಿಡ್ಕೊಂಡು ಹೋದವನು, ಬದುಕಿ ಬಂದ."

ಪುನ್ನಪ್ರ-ವಯಲಾರ್ ಕಥೆ ಓದಿ ಗೊತ್ತಿತ್ತು. ತಿರುವಿದಾಂಕೂರು ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ವಿರುದ್ಧ ಎದ್ದ ಕೂಲಿಗಳ ಮೇಲೆ 1946ರ ಅಕ್ಟೋಬರ್ 27ಕ್ಕೆ ಇಲ್ಲಿ ಪಟ್ಟಾಳ ಗುಂಡು ಹಾರಿಸಿದ್ದು, ಜನರ ಕೈಲಿದ್ದಿದ್ದು ಚೂಪು ಮಾಡಿದ ಅಡಿಕೆ ಮರದ ವಾರಿ. ವಾರಿ ಅಂದ್ರೆ ನಮ್ಮ ಸಲಕೆ! ನಮ್ಮ ತೋಟದಲ್ಲಿ ಅಡಿಕೆ ಮರ ಸೀಳಿ ಚಪ್ಪರಕ್ಕೆ, ಬೇಲಿಗೆ ಹಾಕ್ತೀವಲ್ಲ ಅದು. ಎಷ್ಟು ಸಲ ಓದಿದ್ರೂ 'ಕುಂತ' ಅಂದಾಗ ಭರ್ಜಿ ಥರ ಏನೋ ಕಬ್ಬಿಣದ್ದು ಕಣ್ಣಿಗೆ ಬರ್ತಿತ್ತು. ಅಮ್ಮ ಕೈ ಅಗಲಿಸಿ ಇಷ್ಟುದ್ದ ಅಂತ ತೋರಿಸಿದಾಗ ಮನೆ ಹಿಂದೆ ಒಣಗೋಕೆ ನಿಲ್ಲಿಸಿರೋ ಸಲಕೆ ನೆನಪಾಯ್ತು, ಅದನ್ನ ಹಿಡ್ಕೊಂಡು ಮಿಷಿನ್ ಗನ್ ಎದುರು ನಿಂತ್ರಾ ಅಂತ ಗಂಟಲು ಕಟ್ತು. ಕವಿಗೆ ಆಗ 18 ವರ್ಷ.

ತಡೀಲಾರದೆ ಕೇಳ್ದೆ, ಅಮ್ಮೇ, ಅಷ್ಟೆಲ್ಲ ಕಂಡವರು, ಕೆಂಬಾವುಟದವರು, ಗುರುವಾಯೂರಪ್ಪನ ಮೇಲೆ ಅಂಥಾ ಹಾಡು ಹೇಗೆ ಬರೆದ್ರು?

ಅವರು ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಅಂಗಳದ ಮೂಲೆ ತೋರಿಸಿದ್ರು, ಕೆಂಪಗೆ ಗೊಂಚಲು ಗೊಂಚಲು ಕೇಪಳ. "ಚೆತ್ತಿ" ಅಂದ್ರು. ಆಮೇಲೆ ಹೇಳಿದ್ರು, 1975ರಲ್ಲಿ, ಅದೇ ಅಕ್ಟೋಬರ್ 27, ಹೆಂಗಸರೆಲ್ಲ ಮಂಟಪಕ್ಕೆ ಅಂತ ಈ ಚೆತ್ತಿ ಹೂ ಮಾಲೆ ಕಟ್ತಾ ಕೂತಿದ್ವಿ, ಪ್ರತಿ ವರ್ಷ ಕಟ್ಟೋದೇ, ಆಗ ಸುದ್ದಿ ಬಂತು ವಯಲಾರ್ ಹೋದ್ರು ಅಂತ. "ಸತ್ತವರಿಗೆ ಅಂತ ಕಟ್ತಿದ್ದ ಮಾಲೆ ಮೋಳೇ, ಅರ್ಧ ಕಟ್ಟಿತ್ತು. ಇನ್ನೊಬ್ಬರಿಗೂ ಬೇಕಲ್ಲ ಅಂತ ಇನ್ನಷ್ಟು ಕಿತ್ತು ತಂದ್ವಿ."

ನಂಗೆ ಏನು ಹೇಳ್ಬೇಕು ಗೊತ್ತಾಗಲಿಲ್ಲ. 47 ವರ್ಷಕ್ಕೆ, ತನ್ನೂರಿನ ಜನ ಗುಂಡಿಗೆ ಬಿದ್ದ ತಾರೀಕಿಗೇ ಹೋದ್ರಲ್ಲ. ಅವರ ಹೆಸರಿನ ವಯಲಾರ್ ಪ್ರಶಸ್ತಿ ಕೊಡೋದೂ ಅದೇ ದಿನ, 1977ರಲ್ಲಿ ಮೊದಲ ಸಲ ಲಲಿತಾಂಬಿಕಾ ಅಂತರ್ಜನಂ ಅವರ 'ಅಗ್ನಿಸಾಕ್ಷಿ'ಗೆ ಸಿಕ್ಕಿದ್ದು.

ಮನುಷ್ಯ ಮತಗಳನ್ನ ಮಾಡಿದ, ಮತಗಳು ದೇವರನ್ನ ಮಾಡಿದವು, ಎಲ್ಲ ಸೇರಿ ಮಣ್ಣನ್ನೂ ಮನಸ್ಸನ್ನೂ ಪಾಲು ಮಾಡಿದ್ರು ಅನ್ನೋ ಅರ್ಥದ 'ಅಚ್ಛನುಂ ಬಾಪ್ಪಯುಂ' ಹಾಡೂ ಅವರದ್ದೇ. 1972ರ ಸಿನಿಮಾ, ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ, ಹಾಡಿದ ಯೇಸುದಾಸ್‌ಗೂ ಮೊದಲ ರಾಷ್ಟ್ರಪ್ರಶಸ್ತಿ. ನನ್ನ ಕೇಳಿದ್ರೆ ಸಲೀಲ್ ಚೌಧರಿ ಜೊತೆ ಮಾಡಿದ 'ಚೆಮ್ಮೀನ್' ಸಿನಿಮಾದ ಹಾಡುಗಳಿಗಿಂತ ದೇವರಾಜನ್ ಜೊತೆ ಮಾಡಿದ್ದೇ ಮೇಲು. ಸಲೀಲ್ ಚೌಧರಿ ಮೊದಲು ಟ್ಯೂನ್ ಮಾಡಿ ಅದಕ್ಕೆ ಪದ ಬರೆಸೋರು, ದೇವರಾಜನ್ ಮಾಷ್ ಬರೆದ ಪದ ಕೈಲಿ ಹಿಡ್ಕೊಂಡೇ ರಾಗ ಹುಡುಕೋರು, ಅದಕ್ಕೇ ಅಲ್ಲಿ ಒಂದಕ್ಷರವೂ ರಾಗದ ಅಡಿಗೆ ಬಿದ್ದು ನಲುಗಲ್ಲ. ಮಲಯಾಳಂ ಓದೋಕೆ ಬರದ ನಮ್ಮಜ್ಜಿಯ ಬಾಯಲ್ಲಿ ಪ್ರತಿ ಹೂವಿನ ಹೆಸರೂ ಅಷ್ಟು ಸ್ಪಷ್ಟವಾಗಿ ಬರ್ತಿತ್ತು.

ಹೊರಡುವಾಗ ಅಮ್ಮ ನಿಮ್ಮಲ್ಲಿ ಚೆತ್ತಿಗೆ ಏನಂತಾರೆ ಅಂದ್ರು. ಕೇಪಳ ಅಂದೆ. "ಕೇಪಳ, ಕೇಪಳ" ಅಂತ ಎರಡು ಸಲ ಹೇಳಿ ನೋಡಿದ್ರು, ಹೋಗಿ ಒಂದು ಗೊಂಚಲು ಕಿತ್ತು ತಂದು ಕೈಗೆ ಕೊಟ್ರು. ಮಂಟಪದಲ್ಲಿ ಅರ್ಧ ಇಟ್ಟೆ. ಉಳಿದಿದ್ದನ್ನ ಕರ್ಚೀಫಲ್ಲಿ ಒದ್ದೆ ಮಾಡಿ ಸುತ್ತಿ ರಾತ್ರಿ ರೈಲಲ್ಲಿ ಊರಿಗೆ ತಂದೆ, ಬೆಳಗ್ಗೆ ಹೊತ್ತಿಗೆ ಬಾಡಿತ್ತು, ಆದ್ರೂ ಅಜ್ಜಿ ದೀಪ ಇಡ್ತಿದ್ದ ಜಾಗದಲ್ಲಿ ಇಟ್ಟೆ.