ಆ ಆಡು ಏನಾತು?

ಮೊನ್ನೆ ಮಂಗಳವಾರ ಸಂಜೆ ನಮ್ಮ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಡಿಟಿಪಿ ಅಂಗಡಿಗೆ ಹೋಗಿದ್ದೆ. ಶಾಲೆಯ ಒಂದು ಪತ್ರ ಟೈಪ್ ಮಾಡಿಸಬೇಕಿತ್ತು. ಹುಡುಗ ಕೀಲಿಮಣೆಯಿಂದ ಕೈ ತೆಗೆಯದೆ ಕೇಳಿದ:

"ಟೀಚರ್, ಆ ಹುಡುಗಿ ಬಸ್ ಹತ್ತಿದಳೇನ್ರಿ?"

ಗಾಬರಿಯಾದೆ. ನಮ್ಮ ಶಾಲೆಯ ಯಾವುದೋ ಹುಡುಗಿಗೆ ಏನೋ ಆಗಿದೆ ಅಂದುಕೊಂಡೆ. "ಯಾವ ಹುಡುಗಿನಪ್ಪಾ?" ಅಂದೆ.

"ಅದೇ ರೀ, ಗುಳೆ ಹೊಂಟಿದ್ಲಲ್ಲ. ಬಸ್ಸಿನ ಮೆಟ್ಟಿಲ ಮ್ಯಾಲೆ ಒಂದು ಕಾಲು ಇಟ್ಟಿದ್ಲು, ನೋಡ್ರಿ."

ಅವಳು ನನ್ನ ಕತೆಯ ಹುಡುಗಿ. ಏಳು ತಿಂಗಳ ಹಿಂದೆ ಇದೇ ಹುಡುಗ ಆ ಕತೆಯ 14 ಪುಟ ಟೈಪ್ ಮಾಡಿಕೊಟ್ಟಿದ್ದ. ಹದಿನೈದನೇ ಪುಟ ನಾನು ಬರೆಯಲೇ ಇಲ್ಲ.

"ಗೊತ್ತಿಲ್ಲಪ್ಪ, ಮುಂದೆ ಬರೆದಿಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಮ್ಮವ್ವ ಕೇಳಾಕತ್ತಾಳ್ರಿ. ಹುಡುಗಿದು ಇರ್ಲಿ, ಆ ಆಡು ಏನಾತು ಅಂತ."

ಆಡು ನನಗೆ ಮರೆತೇ ಹೋಗಿತ್ತು. ಎರಡನೇ ಪುಟದಲ್ಲಿ ಹುಡುಗಿ ಶಾಲೆಯಿಂದ ಬಂದು ಆಡಿಗೆ ನೀರು ಕುಡಿಸುತ್ತಾಳೆ. ಮನೆಯಲ್ಲಿ ಏನಾದರೂ ಕೆಲಸ ಮಾಡುತ್ತಿರಲಿ ಅಂತ ಬರೆದ ಒಂದು ಸಾಲು ಅದು. ಆಮೇಲೆ ಹನ್ನೆರಡು ಪುಟ ಬರೆದರೂ ಆ ಆಡಿನ ಕಡೆ ನಾನು ತಿರುಗಿ ನೋಡಿರಲಿಲ್ಲ.

ಅವನ ತಾಯಿ ಮೊದಲು ಹತ್ತಿ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದರಂತೆ. ಓದಲು ಬರುವುದಿಲ್ಲ. ಇವನು ರಾತ್ರಿ ಊಟಕ್ಕೆ ಕೂತಾಗ ಅವತ್ತು ಟೈಪ್ ಮಾಡಿದ್ದನ್ನೆಲ್ಲ ಹೇಳುತ್ತಾನಂತೆ. ಬಾಡಿಗೆ ಕರಾರು, ಮದುವೆ ಕಾರ್ಡು, ತಹಶೀಲ್ದಾರರಿಗೆ ಬರೆದ ಅರ್ಜಿ. ಅವುಗಳ ಜೊತೆ ನನ್ನ ಕತೆಯನ್ನೂ ಹೇಳಿದ್ದಾನೆ. ಏಳು ತಿಂಗಳಿಂದ ಆ ತಾಯಿ ಕಾಯುತ್ತಿದ್ದಾರೆ.

"ಪಾಲಿಗೆ ಬಿಟ್ಲೋ ಮಾರಿದ್ಲೋ, ಅಷ್ಟು ಕೇಳಿಕೊಂಡು ಬಾ ಅಂದಾಳ್ರಿ" ಅಂದ.

ಮನೆಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ. ಪಾಲಿಗೆ ಬಿಟ್ಲೋ, ಮಾರಿದ್ಲೋ.

ಈ ಕತೆ ಯಾಕೆ ನಿಂತಿತ್ತು ಅಂತ ಹೇಳಬೇಕು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ದೀಪಾವಳಿ ಮುಗಿದ ಮೇಲೆ ಬೆಂಚುಗಳು ಖಾಲಿಯಾಗುತ್ತವೆ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಡುತ್ತಾರೆ, ಜೊತೆಗೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದು ಬರೆದು ಬೇಸತ್ತೇ ನಾನು ಈ ಕತೆ ಶುರು ಮಾಡಿದ್ದು. ಹತ್ತನೇ ತರಗತಿ ಹುಡುಗಿ. ಪರೀಕ್ಷೆಗೆ ಇನ್ನು ಮೂರು ತಿಂಗಳು. ಅಜ್ಜಿಯ ಹತ್ತಿರ ಉಳಿಯಬೇಕಾ, ಬಸ್ ಹತ್ತಬೇಕಾ?

ಹದಿನಾಲ್ಕು ಪುಟ ಒಂದೇ ಸಮ ಬಂತು. ಅದನ್ನು ಹಿಡಿದುಕೊಂಡು ಒಂದು ಕಥಾ ಕಮ್ಮಟಕ್ಕೆ ಹೋದೆ. ಅಲ್ಲಿ ಹಿರಿಯರೊಬ್ಬರು ಓದಿ, ವಸ್ತು ಚೆನ್ನಾಗಿದೆ, ಆದರೆ ಹುಡುಗಿಯ ಒಳತೋಟಿ ಬರಬೇಕು ಅಂದರು. ದಿನಕ್ಕೆ ಸಾವಿರ ಪದ ಬರೆಯದವರು ಕತೆಗಾರರೇ ಅಲ್ಲ ಅಂತಲೂ ಸೇರಿಸಿದರು. ಅವರು ದೊಡ್ಡವರು, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಹೊಸದಾಗಿ ಬರೆಯುವವರಿಗೆ ಹಾಗೆ ಹೇಳಬಾರದು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆವತ್ತಿನಿಂದ ನಾನು ಒಳತೋಟಿ ಬರೆಯಲು ಕೂತೆ. ಅವಳ ಮನಸ್ಸು ಹೊಯ್ದಾಡಿತು, ಅವಳ ಕಣ್ಣು ತುಂಬಿತು. ನಾಲ್ಕು ಪುಟ ಬರೆಯುವುದು, ಹರಿಯುವುದು. ಒಂದರಲ್ಲೂ ಆ ಹುಡುಗಿ ಇರಲಿಲ್ಲ.

ಆಮೇಲೆ ಬೇರೆಯವರು ಹೇಗೆ ಬರೆಯುತ್ತಾರೆ ಅಂತ ಹುಡುಕಲು ಶುರು ಮಾಡಿದೆ. ಇದು ನನ್ನ ಹಳೇ ಚಟ. 2016ರ ಡಿಸೆಂಬರಿನಲ್ಲಿ ನಮ್ಮೂರಲ್ಲೇ 82ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ನೋಟು ರದ್ದಾಗಿ ಯಾರ ಕೈಯಲ್ಲೂ ಚಿಲ್ಲರೆ ಇಲ್ಲದ ದಿನಗಳು. ಆಗಲೂ ಮಳಿಗೆ ಮಳಿಗೆ ಸುತ್ತಿ ಕತೆ ಬರೆಯುವುದು ಹೇಗೆ ಅನ್ನುವ ಪುಸ್ತಕವನ್ನೇ ಹುಡುಕಿದ್ದೆ. ಈ ಸಲ ಇನ್ನೂ ದೂರ ಹೋದೆ. ಇಂಗ್ಲೆಂಡಿನ ಆಂಥನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಬೆಳಗ್ಗೆ ಐದೂವರೆಗೆ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದರು. ಹಾಗೇ 47 ಕಾದಂಬರಿ ಬರೆದರು. ಜಪಾನಿನ ಹರುಕಿ ಮುರಕಾಮಿ ಕಾದಂಬರಿ ಬರೆಯುವಾಗ ನಾಲ್ಕಕ್ಕೆ ಎದ್ದು ಐದಾರು ಗಂಟೆ ಬರೆದು, ಆಮೇಲೆ 10 ಕಿಲೋಮೀಟರ್ ಓಡುತ್ತಾರೆ, ಇಲ್ಲವೇ ಈಜುತ್ತಾರೆ. ನಾನೂ ಒಂದು ವಾರ ನಾಲ್ಕಕ್ಕೆ ಎದ್ದೆ. ಎರಡು ದಿನ ನಲ್ಲಿ ನೀರು ಹಿಡಿಯುವುದರಲ್ಲೇ ಹೋಯಿತು. ಉಳಿದ ದಿನ ಖಾಲಿ ಹಾಳೆ ನೋಡುತ್ತಾ ಕೂತೆ. ಮಧ್ಯಾಹ್ನ ಪಾಠ ಮಾಡುವಾಗ ಕಣ್ಣು ಎಳೆಯುತ್ತಿತ್ತು.

ನನ್ನ ಗೆಳತಿಯೊಬ್ಬಳು ಅವತ್ತು ಎಷ್ಟು ಪದ ಬರೆದೆ ಅಂತ ದಿನಾ ರಾತ್ರಿ ವಾಟ್ಸಾಪ್ ಸ್ಟೇಟಸ್ ಹಾಕುತ್ತಾಳೆ. ಒಳ್ಳೆಯವಳು, ಕಷ್ಟಪಟ್ಟು ಬರೆಯುತ್ತಾಳೆ. ಆದರೆ ಅದನ್ನು ನೋಡಿದ ರಾತ್ರಿ ನನಗೆ ಒಂದಕ್ಷರ ಬರೆಯಲೂ ಕೈ ಏಳುತ್ತಿರಲಿಲ್ಲ. ಅವಳಿಗೆ ಆ ಲೆಕ್ಕ ಹುಮ್ಮಸ್ಸು ಕೊಡುತ್ತದೆ, ನನಗೆ ಭಯ ಕೊಡುತ್ತದೆ. ಇಷ್ಟು ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು.

ಅಮೆರಿಕದ ಕತೆಗಾರ ಹೆಮಿಂಗ್ವೆ ಹೇಳಿದ್ದು ಮಾತ್ರ ಈಗ ನಿಜ ಅನಿಸುತ್ತಿದೆ. ಮುಂದೇನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಬೇಕು ಅನ್ನುತ್ತಿದ್ದರು ಅವರು. ನಾನು ಏನೂ ಗೊತ್ತಿಲ್ಲದ ಕಡೆ ನಿಲ್ಲಿಸಿದ್ದೆ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ.

ಆ ತಾಯಿಗೆ ಗೊತ್ತಿತ್ತು. ನಮ್ಮ ಕಡೆ ಊರು ಬಿಟ್ಟು ಹೋಗುವವರು ಆಡು ಕುರಿಗಳನ್ನು ಪಾಲಿಗೆ ಬಿಡುತ್ತಾರೆ. ನೋಡಿಕೊಂಡವರಿಗೆ ಮರಿಗಳಲ್ಲಿ ಅರ್ಧ, ಆಡಿನವರಿಗೆ ಅರ್ಧ. ಪಾಲಿಗೆ ಬಿಟ್ಟರೆ ವಾಪಸ್ ಬರುತ್ತೇನೆ ಅಂತ. ಮಾರಿದರೆ ಊರಿನ ಋಣ ಹರಿಯಿತು ಅಂತ. ಹುಡುಗಿ ಬಸ್ ಹತ್ತಿದಳಾ ಅಂತ ಅವರು ಕೇಳಲೇ ಇಲ್ಲ ನೋಡಿ. ಹತ್ತುತ್ತಾಳೆ ಅಂತ ಅವರಿಗೆ ಗೊತ್ತು. ಬಡವರ ಮನೆಯ ಹುಡುಗಿ, ಅಪ್ಪ ಅವ್ವ ಹೊರಟ ಮೇಲೆ ಇನ್ನೇನು ಮಾಡುತ್ತಾಳೆ? ಮತ್ತೆ ಶಾಲೆಗೆ ಬರುವ ಆಸೆ ಇಟ್ಟುಕೊಂಡು ಹತ್ತಿದಳಾ, ಬಿಟ್ಟು ಹತ್ತಿದಳಾ, ಅದು ಅವರ ಪ್ರಶ್ನೆ. ನಾನು ನಾಲ್ಕು ನಾಲ್ಕು ಪುಟ ಬರೆದು ಹರಿದ ಒಳತೋಟಿ ಆ ಆಡಿನ ಹಗ್ಗದಲ್ಲಿತ್ತು.

ಬುಧವಾರ ಬಸ್ಸಿನಲ್ಲೇ ಬರೆದೆ. ಕಿಟಕಿ ಪಕ್ಕದ ಸೀಟು, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ನೋಟುಪುಸ್ತಕ. ಗುಂಡಿ ಬಂದಾಗೆಲ್ಲ ಅಕ್ಷರ ಹಾರಿತು. ಒಂದು ಪುಟ. ಗುರುವಾರ ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಅರ್ಧ ಪುಟ. ಶುಕ್ರವಾರ ರಾತ್ರಿ ಒಂದೂವರೆ. ನಾಲ್ಕು ಗಂಟೆಗೆ ಏಳಲಿಲ್ಲ, ಪದ ಎಣಿಸಲಿಲ್ಲ. ಶನಿವಾರ ಅವನಿಗೆ ಕೊಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಆ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಬ್ಬರು ಕಾಯುತ್ತಾರೆ.

ಇಷ್ಟು ದಿನ ಓದುಗರು ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದವರು ಸ್ಪರ್ಧೆಯ ತೀರ್ಪುಗಾರರು, ವಿಶೇಷಾಂಕದ ಸಂಪಾದಕರು, ಆ ಕಮ್ಮಟದ ಹಿರಿಯರು. ಅವರು ಏನಂದಾರು ಅಂತ ಯೋಚಿಸುತ್ತಲೇ ಪೆನ್ನು ಹಿಡಿಯುತ್ತಿದ್ದೆ. ಆದರೆ ಚಿಕ್ಕವಳಿದ್ದಾಗ ನಾನು ಕೇಳಿದ ಕತೆಗಳನ್ನು ಹೇಳಿದ ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಕೇಳುತ್ತಿದ್ದ ಓಣಿಯ ಹೆಂಗಸರಿಗೂ ಬರುತ್ತಿರಲಿಲ್ಲ. "ಮುಂದ?" ಅಂತ ಯಾರಾದರೂ ಕೇಳಿದರೆ ಅಜ್ಜಿ ಮುಂದುವರಿಸುತ್ತಿದ್ದಳು. ಯಾರೂ ಕೇಳದಿದ್ದರೆ ಅಡಿಕೆ ಎಲೆ ಹಾಕಿಕೊಂಡು ಸುಮ್ಮನಾಗುತ್ತಿದ್ದಳು. ನಾನು ಆ ಅಜ್ಜಿಯ ಮೊಮ್ಮಗಳು, ಅಲ್ವಾ? ನನಗೂ ಯಾರಾದರೂ "ಮುಂದ?" ಅನ್ನಬೇಕು. ಅಂಗಡಿಯ ಹುಡುಗ ಅದನ್ನು ಏಳು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ. ಟೀಚರಿಗೆ ಹೇಗೆ ಕೇಳೋದು ಅಂತ ಸಂಕೋಚವಂತೆ.

ಇವತ್ತು ಶನಿವಾರ. ಮೂರು ಪುಟ ಒಯ್ದು ಕೊಟ್ಟೆ. ಅವನು ಯಾವಾಗಲೂ ನನ್ನ ಸಾಲಿನ ಕೆಳಗೆ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳುತ್ತಾನೆ. ಒಂದು ಸಾಲು ಟೈಪಾದ ಮೇಲೆ ಎಡಗೈಯಿಂದ ಸ್ಕೇಲನ್ನು ಕೆಳಗೆ ಸರಿಸುತ್ತಾನೆ. ಇವತ್ತು ಕಂಪ್ಯೂಟರಿನ ಕಡೆ ತಿರುಗಲಿಲ್ಲ. ಸ್ಕೇಲ್ ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಸುಮ್ನೆ ಓದಿದ. ಹುಡುಗಿ ನಸುಕಿನಲ್ಲಿ ಆಡನ್ನು ಪಕ್ಕದ ಮನೆಯ ಮುದುಕಿಯ ಅಂಗಳಕ್ಕೆ ಹೊಡೆದುಕೊಂಡು ಹೋಗುತ್ತಾಳೆ. ಗೂಟಕ್ಕೆ ಕಟ್ಟುತ್ತಾಳೆ. ಗಂಟು ಬಿಗಿಯಾಯಿತು ಅನಿಸಿ ಮತ್ತೆ ಬಿಚ್ಚಿ, ಸಡಿಲ ಮಾಡಿ ಕಟ್ಟುತ್ತಾಳೆ. ಆ ಸಾಲಿನ ಹತ್ತಿರ ಸ್ಕೇಲ್ ನಿಂತಿತು.

"ಪಾಲಿಗೆ ಬಿಟ್ಲು" ಅಂದ. ಮುಖ ಅರಳಿತ್ತು.

ಮತ್ತೆ ಏನೋ ನೆನಪಾದವನಂತೆ ತಲೆ ಎತ್ತಿದ. "ಟೀಚರ್, ಅವ್ವ ಇದನ್ನ ಕೇಳೇ ಕೇಳ್ತಾಳ್ರಿ. ಆಡು ಗಬ್ಬ ಇತ್ತೇನ್ರಿ?"

ಗಬ್ಬ ಇದ್ದರೆ ಮುದುಕಿ ಆ ಮರಿಯಲ್ಲಿ ಪಾಲು ಕೇಳುತ್ತಾಳಾ? ಹುಡುಗಿ ಅದನ್ನು ಮೊದಲೇ ಮಾತಾಡಿಕೊಂಡಿರಬೇಕಲ್ಲ? ಮೂರನೇ ಪುಟವನ್ನು ವಾಪಸ್ ಇಸಿದುಕೊಂಡು, ಅಂಗಡಿಯ ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದೆ.