ಹನ್ನೆರಡು ಎಲೆ ಗೊತ್ತಿತ್ತಲ್ಲಯ್ಯಾ

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್, 56ರ ಶಿಬನಾಥ್ ಸರ್ಕಾರ್ ಜೋಡಿ ಬ್ರಿಜ್ ಅನ್ನೋ ಕಾರ್ಡ್ಸ್ ಆಟದಲ್ಲಿ ಚಿನ್ನ ಗೆದ್ದದ್ದನ್ನು ಪೇಪರಿನಲ್ಲಿ ಓದಿ, ನನಗೂ ಇನ್ನೂ ಟೈಮಿದೆ ಅಂತ ಕಲಿಯಲು ಕೂತವನು ನಾನು. ನಾಲ್ಕು ವರ್ಷದಲ್ಲಿ ಎಷ್ಟು ಗೆಲ್ಲುತ್ತೇವೆ ಅಂತ ಸವಾಲು ಕೂಗುವ ಬಿಡ್ಡಿಂಗು, ದೊಡ್ಡ ಎಲೆ ಯಾರ ಕೈಲಿದೆ ಅಂತ ಊಹಿಸಿ ಚಿಕ್ಕ ಎಲೆಯಲ್ಲೇ ಗೆಲ್ಲುವ ಫಿನೆಸ್ಸು ಎಲ್ಲ ಬಂತು. ಬಂತು ಅಂದುಕೊಂಡಿದ್ದೆ.

ಆ ಭಾನುವಾರ ಕ್ಲಬ್ಬಿನಲ್ಲಿ ಜೋಡಿ ಜೋಡಿಯಾಗಿ ಆಡುವ ಡುಪ್ಲಿಕೇಟ್ ಪೇರ್ಸ್ ಪಂದ್ಯ ಇತ್ತು. ಎಲ್ಲ ಟೇಬಲ್ಲಿನವರೂ ಅವೇ ಎಲೆಗಳನ್ನು ಆಡಬೇಕು. ಒಳ್ಳೆ ಎಲೆ ಬೀಳಲಿಲ್ಲ ಅಂತ ಗೊಣಗುವಂತಿಲ್ಲ. ನನ್ನ ಜೋಡಿ ರಿಟೈರಾದ ಲೆಕ್ಕದ ಮೇಷ್ಟ್ರು.

ನಾನು ಆಡುತ್ತಿದ್ದದ್ದು ಮೂರು ನೋ ಟ್ರಂಪ್, ಅಂದರೆ ತುರುಫಿಲ್ಲದ ಆಟ. ಹದಿಮೂರು ಸುತ್ತಿನಲ್ಲಿ ಒಂಬತ್ತು ಸುತ್ತು, ಅಂದರೆ ಒಂಬತ್ತು ಟ್ರಿಕ್ ಬೇಕು. ಎಡಗಡೆಯವರು ಇಸ್ಪೀಟು (ಸ್ಪೇಡ್) ಇಳಿದರು. ಎಕ್ಕವನ್ನು ಮೂರನೇ ಸಲದವರೆಗೆ ಬಿಗಿಹಿಡಿದೆ. ಅಷ್ಟರಲ್ಲಿ ಬಲಗಡೆಯವರ ಇಸ್ಪೀಟು ಮುಗಿದಿತ್ತು. ಆಮೇಲೆ ಆಟೀನು ಮೂರು ಸಲ, ಡೈಮನ್ ಮೂರು ಸಲ ಎಳೆದೆ. ಉಳಿದದ್ದು ಕಳಾವರ್. ಡಮ್ಮಿಯಲ್ಲಿ, ಅಂದರೆ ಟೇಬಲ್ ಮೇಲೆ ಬಿಚ್ಚಿಟ್ಟ ಮೇಷ್ಟ್ರ ಕೈಯಲ್ಲಿ, ಎಕ್ಕ, ಗುಲಾಮ. ನನ್ನ ಕೈಲಿ ರಾಜ, ಹತ್ತು. ರಾಣಿ ಯಾರ ಹತ್ತಿರವೋ!

ಎಡಗಡೆಯವರಿಗೆ ಆಟ ಹೋದರೆ ಉಳಿದ ಇಸ್ಪೀಟೆಲ್ಲ ಬಡಿಯುತ್ತಾರೆ. ಸೋತರೂ ಬಲಗಡೆಗೇ ಸೋಲಬೇಕು. ಪುಸ್ತಕದಲ್ಲಿ ಹಾಗೇ ಇದೆ. ಅದಕ್ಕೇ ಮೊದಲು ರಾಜ ಹಾಕಿದೆ, ಆಮೇಲೆ ಡಮ್ಮಿಯ ಗುಲಾಮನ ಕಡೆಗೆ ಚಿಕ್ಕ ಎಲೆ ಇಳಿದೆ. ಎಡಗಡೆಯವರು ಆಟೀನು ಬಿಸಾಡಿದರು! ರಾಣಿ ಬಲಗಡೆ, ಡಮ್ಮಿಯ ಹಿಂದೆ, ಆರಾಮಾಗಿ ಕೂತಿದ್ದಳು. ಎಕ್ಕ ಹಾಕಿ ಒಂಬತ್ತಕ್ಕೆ ನಿಲ್ಲಿಸಿದೆ.

ಆಟ ಗೆದ್ದೆನಲ್ಲ ಅಂತ ಖುಷಿಯಲ್ಲೇ ಇದ್ದೆ. ಶೀಟ್ ನೋಡಿದರೆ ಹೆಚ್ಚಿನವರು ಹತ್ತು ಟ್ರಿಕ್ ಗೆದ್ದು 430 ಅಂಕ, ನಮ್ಮದು 400. ಪೇರ್ಸ್‌ನಲ್ಲಿ ಆ ಒಂದು ಟ್ರಿಕ್ಕೇ ಪ್ರಾಣ.

“ಲಕ್ ಇರಲಿಲ್ಲ ಮೇಷ್ಟ್ರೇ” ಅಂದೆ.

“ಲಕ್ ಎಲ್ಲಿ ಬಂತಯ್ಯಾ? ಎಡಗಡೆಯವರ ಇಸ್ಪೀಟು ಎಷ್ಟು?”

“ಐದು.”

“ಆಟೀನು ಮೂರನೇ ಸಲ ಬಲಗಡೆಯವರು ಬೇರೆ ಎಲೆ ಹಾಕಿದರು. ಅಂದರೆ ಎಡಗಡೆ ಐದು. ಡೈಮನ್ ಮೂರನೇ ಸಲ ಎಡಗಡೆಯವರು ಬೇರೆ ಹಾಕಿದರು. ಎರಡು. ಕೂಡು.”

ಹನ್ನೆರಡು. ಕಳಾವರ್ ಒಂದೇ ಒಂದು. ಉಳಿದ ಐದೂ ಬಲಗಡೆ. ಮೊದಲು ಎಕ್ಕ ಹಾಕಿ, ಡಮ್ಮಿಯಿಂದ ಚಿಕ್ಕದು ಇಳಿದು ಕೈಯಲ್ಲಿ ಹತ್ತು ಹಾಕಿದ್ದರೆ ಮುಗಿದಿತ್ತು. ನಾನು ಆರೂ ಟ್ರಿಕ್ ನನ್ನ ಆಟೀನು, ನನ್ನ ಡೈಮನ್ ಅಂತಲೇ ನೋಡುತ್ತಿದ್ದೆ. ಎದುರಿನವರು ಏನು ಬಿಸಾಡುತ್ತಿದ್ದಾರೆ ಅಂತ ಕಣ್ಣೆತ್ತಿಯೂ ನೋಡಿರಲಿಲ್ಲ.

“52 ನೆನಪಿಡಬೇಡ. ಒಬ್ಬರ 13 ಸಾಕು” ಅಂದರು ಮೇಷ್ಟ್ರು.

ಅವತ್ತಿಂದ ಎಣಿಸಲು ಶುರು ಮಾಡಿದೆ. ಮೊದಮೊದಲು ಆಟ ಇನ್ನೂ ಕೆಟ್ಟಿತು. ಎಣಿಸುವ ಭರದಲ್ಲಿ ಕೈಲಿದ್ದ ಗೆಲ್ಲೋ ಎಲೆಯನ್ನೇ ಮರೆತೆ. ನಿಧಾನ ಅಂತ ಬೈಸಿಕೊಂಡೆ. ಮನೆಯಲ್ಲಿ ಹೆಂಡತಿ ಹುರುಳಿಕಾಯಿ ಮುರಿಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು 5-4-3-1, 4-4-3-2 ಅಂತ ಜಪ ಮಾಡುತ್ತಿದ್ದೆ. ಒಬ್ಬರ ಹದಿಮೂರು ಎಲೆ ನಾಲ್ಕು ಜಾತಿಗೆ ಹಂಚಿಹೋಗುವ ಈ ಜೋಡಣೆಗಳು ಬಾಯಿಪಾಠವಾದರೆ ಮೂರು ಅಂಕಿ ಕಂಡಾಗ ನಾಲ್ಕನೆಯದು ತಾನಾಗೇ ಹೊಳೆಯುತ್ತದೆ. ಕೂಡುವ ಕೆಲಸವೇ ಇಲ್ಲ.

ನಾಲ್ಕು ತಿಂಗಳ ಮೇಲೆ ಅಂಥದ್ದೇ ಒಂದು ಕೈ ಬಂತು. ಈ ಸಲ ಡೈಮನ್ ರಾಣಿ. ಎಣಿಸಿದೆ, ಬಲಗಡೆ ಅಂತ ತೀರ್ಮಾನ ಮಾಡಿದೆ, ಹಿಡಿದೇಬಿಟ್ಟೆ. ಮೇಷ್ಟ್ರ ಮುಖ ನೋಡಿದೆ.

“ಅವರ ಹತ್ತಿರ ಆಟೀನು ಎಷ್ಟಿತ್ತು?”

“ನಾಲ್ಕು.”

“ಐದು ಕಣಯ್ಯಾ. ಸುಮ್ನೆ ಬಿತ್ತು ನಿನಗೆ” ಅಂತ ಮುಂದಿನ ಬೋರ್ಡ್ ಎತ್ತಿಕೊಂಡರು.