ಅರೆಮಂಡಿಯ ಕಾಲಿಗೆ ಬ್ಯಾಲೆ ಪಾಠ

ಮೂವತ್ತೈದು ದಾಟಿದ ಮೇಲೆ ಬ್ಯಾಲೆ ಕಲಿಯುತ್ತಿದ್ದೇನೆ ಅಂದರೆ ಜನ ಮೊದಲು ಕೇಳುವುದು, ಸ್ಪ್ಲಿಟ್ ಬರುತ್ತಾ ಅಂತ. ಬರಲ್ಲ. ಆಮೇಲೆ ಬೆರಳ ತುದಿಯ ಮೇಲೆ ನಿಲ್ಲುತ್ತೀಯಾ ಅಂತ. ಅದೂ ಇಲ್ಲ. ಹಾಗಾದರೆ ಇಷ್ಟು ದಿನ ಏನು ಕಲಿತೆ ಅನ್ನುವುದು ಅಮ್ಮನ ಪ್ರಶ್ನೆ, ಮೈಸೂರಿನಿಂದ, ಫೋನಿನಲ್ಲಿ. "ಜೂನಿಯರ್ ಪರೀಕ್ಷೆ ಪಾಸಾಗಿತ್ತಲ್ಲೇ ಭರತನಾಟ್ಯ, ಅದನ್ನ ಬಿಟ್ಟು ಇದನ್ನೆಲ್ಲಿ ಹಿಡಿದೆ?" ಪಿಯುಸಿ ಬಂತು ಅಂತ ಡ್ಯಾನ್ಸ್ ಬಿಡಿಸಿದ್ದು ಅವರೇ, ಆ ಮಾತು ಈಗ ಬೇಡ.

ನಾನಿರುವುದು ಲಂಡನ್‌ನಲ್ಲಿ. ದೊಡ್ಡವರಿಗೆ ಅಂತಲೇ ಸಂಜೆ ಹೊತ್ತು ಬ್ಯಾಲೆ ಕ್ಲಾಸುಗಳು ಇಲ್ಲಿ ಬೇಕಾದಷ್ಟಿವೆ. ಬರುವವರೆಲ್ಲ ಆಫೀಸ್ ಮುಗಿಸಿ ಬ್ಯಾಗ್ ಹೊತ್ತುಕೊಂಡು ಓಡಿ ಬಂದವರು. ಅರವತ್ತು ದಾಟಿದವರೂ ಇದ್ದಾರೆ, ಮತ್ತು ಅವರಲ್ಲಿ ಒಬ್ಬರು ನನಗಿಂತ ಎಷ್ಟೋ ಚೆನ್ನಾಗಿ ಮಾಡುತ್ತಾರೆ.

ಮೈ ಬಗ್ಗುವುದಿಲ್ಲ ಅನ್ನುವುದೇ ದೊಡ್ಡವರ ಮುಖ್ಯ ತೊಂದರೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಅದು ಮೂರನೆಯದೋ ನಾಲ್ಕನೆಯದೋ ತೊಂದರೆ. ಮೊದಲನೆಯದು ನೆನಪು. ನಾವೆಲ್ಲ ಕೈಯಲ್ಲಿ ಹಿಡಿದು ಅಭ್ಯಾಸ ಮಾಡುವ ಉದ್ದನೆಯ ಕಂಬಿಯ ಪಕ್ಕ ಟೀಚರ್ ನಿಂತು ಒಂದು ಸಲ ಮಾಡಿ ತೋರಿಸುತ್ತಾರೆ, ಬಾಯಲ್ಲಿ ಫ್ರೆಂಚ್ ಹೆಸರುಗಳು ಪಟಪಟ ಅಂತ ಬರುತ್ತವೆ, ಮುಂದೆ ಎರಡು ತಾಂದ್ಯು, ಪಕ್ಕಕ್ಕೆ ಒಂದು, ಹಿಂದೆ ಎರಡು, ಮುಚ್ಚಿ, ಪ್ಲಿಯೇ, ರೆಲೆವೆ, ತಿರುಗಿ, ಇನ್ನೊಂದು ಕಡೆ. ಅಷ್ಟು ಹೇಳಿ "ಆಂಡ್" ಅಂದರೆ ಪಿಯಾನೋ ಶುರು. ಮಕ್ಕಳಾದರೆ ನೋಡಿದ್ದನ್ನು ಸುಮ್ನೆ ಮಾಡಿಬಿಡುತ್ತಾರೆ. ನಾವು ಮೊದಲು ಹೆಸರು ಅರ್ಥ ಮಾಡಿಕೊಂಡು, ಆಮೇಲೆ ಯಾವ ಕಾಲು ಅಂತ ಯೋಚಿಸಿ, ಕಾಲು ಎತ್ತುವಷ್ಟರಲ್ಲಿ ಎಲ್ಲರೂ ಆ ಕಡೆ ತಿರುಗಿರುತ್ತಾರೆ.

ಇದಕ್ಕೆ ಒಂದು ಉಪಾಯ ಎಲ್ಲ ಹಳಬರೂ ಹೇಳುತ್ತಾರೆ: ಕಂಬಿಯ ತುದಿಯಲ್ಲಿ ನಿಲ್ಲಬೇಡಿ, ನಡುವೆ ನಿಲ್ಲಿ. ಯಾವ ಕಡೆ ತಿರುಗಿದರೂ ಕಾಪಿ ಹೊಡೆಯಲು ಮುಂದೆ ಒಬ್ಬರು ಇರುತ್ತಾರೆ. ಇನ್ನೊಂದು, ಮೊದಲು ಕಾಲು ಮಾತ್ರ ಕಲಿಯಿರಿ, ಕೈ ಸೊಂಟದ ಮೇಲೇ ಇರಲಿ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಹಳೆಯ ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು. ಬಾಲಾಂಸೆ ಅಂತ ಒಂದು ಹೆಜ್ಜೆಯಿದೆ, ವಾಲ್ಟ್ಸ್ ಸಂಗೀತಕ್ಕೆ, ಮೂರು ಎಣಿಕೆಯದು. ಪಕ್ಕಕ್ಕೆ ಕೆಳಗೆ, ಮುಂಪಾದದ ಮೇಲೆ ಏರಿ, ಮತ್ತೆ ಕೆಳಗೆ. ಒನ್ ಟೂ ಥ್ರೀ ಅಂತ ಎಣಿಸಿ ಎಣಿಸಿ ಸಾಕಾಗಿತ್ತು. ಒಂದು ಸಂಜೆ ಬಾಯೊಳಗೇ ತಕಿಟ ತಕಿಟ ಅಂದುಕೊಂಡೆ, ಕಾಲು ತಾನಾಗಿ ಹೋಯಿತು. ಈಗ ಮೂರು ಹೆಜ್ಜೆಯ ಪಾ ದ ಬುರೇ ಕೂಡ ನನಗೆ ತಕಿಟ, ಕಂಬಿಯ ಹತ್ತಿರದ ಎಂಟರ ಎಣಿಕೆ ಪೂರ್ತಿ ತಕಧಿಮಿ ತಕಜಣು. ಪಕ್ಕದಲ್ಲಿ ನಿಲ್ಲುವವಳು ನೀನು ಏನು ಜಪ ಮಾಡುತ್ತೀಯಾ ಅಂತ ಕೇಳಿದ್ದೂ ಆಯಿತು. ಚಿಕ್ಕಂದಿನಲ್ಲಿ ಕಲಿತು ಬಿಟ್ಟದ್ದು ಏನಿದ್ದರೂ, ತಬಲವೋ ಮೃದಂಗವೋ ಯಕ್ಷಗಾನದ ಹೆಜ್ಜೆಯೋ, ಧಾರಾಳವಾಗಿ ತನ್ನಿ. ಎಲ್ಲ ಮರೆತು ಹೊಸಬರಾಗಿ ಬನ್ನಿ ಅನ್ನುವ ಸಲಹೆ ನನಗಂತೂ ಒಪ್ಪಿಗೆಯಿಲ್ಲ.

ಹಾಗಂತ ಹಳೆಯದೆಲ್ಲ ಸಹಾಯ ಮಾಡುತ್ತದೆ ಅಂತಲ್ಲ. ಅರೆಮಂಡಿಯನ್ನೇ ತೆಗೆದುಕೊಳ್ಳಿ. ಹೊರಗಿನಿಂದ ನೋಡಿದರೆ ಬ್ಯಾಲೆಯ ಡೆಮಿ ಪ್ಲಿಯೇ ಮತ್ತು ಅರೆಮಂಡಿ ಅಕ್ಕತಂಗಿಯರು. ಎರಡರಲ್ಲೂ ಪಾದ ಹೊರಕ್ಕೆ, ಮಂಡಿ ಬಾಗಿ, ಬೆನ್ನು ನೆಟ್ಟಗೆ. ಆದರೆ ಅರೆಮಂಡಿಯಲ್ಲಿ ಕೂತರೆ ಕೂತ ಹಾಗೆ. ಪಾದ ತಟ್ಟುವ ತಟ್ಟಡವು ಮುಗಿಯುವ ಮೊದಲೇ ಎದ್ದರೆ, ಭರತನಾಟ್ಯದ ಮೇಡಂ ತಾಳ ಹಾಕುವ ಕೋಲು ತಟ್ಟುಮಣೆ ಬಿಟ್ಟು ನಮ್ಮ ಕಡೆ ತಿರುಗುತ್ತಿತ್ತು. ಪ್ಲಿಯೇ ಹಾಗಲ್ಲ, ಅದರಲ್ಲಿ ನಿಲ್ಲುವ ಹಾಗೇ ಇಲ್ಲ. ಇಳಿಯುತ್ತಿರಬೇಕು ಇಲ್ಲವೇ ಏಳುತ್ತಿರಬೇಕು, ಮುಂದಿನ ಹಾರಿಕೆಯೋ ತಿರುಗೋ ಅಲ್ಲಿಂದಲೇ ಹೊರಡುವುದು. ನಾನು ಕೆಳಗೆ ಹೋಗಿ ಆರಾಮಾಗಿ ಕೂತುಬಿಡುತ್ತಿದ್ದೆ. ಟೀಚರ್ "ಅಲ್ಲಿ ಮನೆ ಕಟ್ಟಬೇಡ" ಅಂತ ನಗುತ್ತಿದ್ದರು.

ಸದ್ದಿನ ವಿಷಯವೂ ಹಾಗೇ. ಭರತನಾಟ್ಯದಲ್ಲಿ ಪಾದ ನೆಲಕ್ಕೆ ಬಡಿದ ಸದ್ದು ಕೇಳಬೇಕು, ಗೆಜ್ಜೆ ಕಟ್ಟುವುದೇ ಅದಕ್ಕೆ. ಬ್ಯಾಲೆಯಲ್ಲಿ ಹಾರಿ ಇಳಿದಾಗ ದಪ್ ಅಂದರೆ ತಪ್ಪು. ಬೆರಳು, ಆಮೇಲೆ ಮುಂಪಾದ, ಆಮೇಲೆ ಹಿಮ್ಮಡಿ, ಜೊತೆಗೇ ಮಂಡಿ ಬಾಗಬೇಕು, ಹೀಗೆ ಇಳಿದರೆ ಸದ್ದು ತಾನಾಗಿ ಕಡಿಮೆಯಾಗುತ್ತದೆ. ಹಿಮ್ಮಡಿ ಪೂರ್ತಿ ನೆಲಕ್ಕೆ ತಾಗಿಸದೆ ಮೇಲಿಂದ ಮೇಲೆ ಹಾರುತ್ತಾ ಹೋದರೆ ಮೀನಖಂಡ ಮತ್ತು ಹಿಮ್ಮಡಿಯ ನರ ಹಿಡಿದುಕೊಳ್ಳುತ್ತವೆ, ನಮ್ಮ ವಯಸ್ಸಿನಲ್ಲಿ ಬೇಗ ವಾಸಿಯಾಗುವುದೂ ಇಲ್ಲ. ಮನೆಯಲ್ಲಿ ಏನಾದರೂ ಒಂದೇ ಅಭ್ಯಾಸ ಮಾಡುವುದಾದರೆ ನಾನು ಹೇಳುವುದು ಇದನ್ನು: ಕುರ್ಚಿ ಹಿಡಿದು, ಒಂದು ಕಾಲಿನ ಮೇಲೆ, ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು. ಇಳಿಸುವಾಗ ಏರಿದ್ದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳಿ. ನೋಡುವುದಕ್ಕೆ ಏನೂ ಇಲ್ಲ, ಇನ್‌ಸ್ಟಾಗ್ರಾಂಗೆ ಹಾಕುವ ಹಾಗೂ ಇಲ್ಲ. ಆದರೆ ನಿಲ್ಲುವುದು, ಹಾರುವುದು, ತಿರುಗುವುದು ಎಲ್ಲಕ್ಕೂ ಅದೇ ಬೇಕು.

ಪಾದ ಹೊರಕ್ಕೆ ತಿರುಗಿಸುವ ವಿಷಯದಲ್ಲಿ ಮಾತ್ರ ದಯವಿಟ್ಟು ಹಠ ಬೇಡ. ಬ್ಯಾಲೆಯ ಐದು ಪಾದಸ್ಥಾನಗಳಿಗೆ ಒಂದು ಕ್ರಮ ಹಾಕಿಕೊಟ್ಟ ಕೀರ್ತಿ ಪಿಯೆರ್ ಬೋಶಾಂಗೆ ಸಲ್ಲುತ್ತದೆ, ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿದ್ದವನು. ರಾಜನೂ ಒಳ್ಳೆಯ ನರ್ತಕ, 1653ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಸೂರ್ಯನ ವೇಷ ಹಾಕಿ ಕುಣಿದಿದ್ದ, 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಸ್ಥಾಪಿಸಿದ. ಹೆಜ್ಜೆಗಳ ಹೆಸರೆಲ್ಲ ಇವತ್ತಿಗೂ ಫ್ರೆಂಚಿನಲ್ಲೇ ಉಳಿದಿರುವುದಕ್ಕೆ ಬೇರು ಅಲ್ಲಿದೆ. ಪುಸ್ತಕದಲ್ಲಿ ಮೊದಲ ಸ್ಥಾನ ಅಂದರೆ ಎರಡು ಪಾದ ಸೇರಿ 180 ಡಿಗ್ರಿ, ಒಂದು ನೇರ ಗೆರೆ. ಅಷ್ಟು ತಿರುಗುವುದು ಸೊಂಟದ ಕೀಲಿನಿಂದ ಬರಬೇಕು, ಆ ಕೀಲಿನ ಮೂಳೆಯ ಆಕಾರ ನಮ್ಮ ವಯಸ್ಸಿಗೆ ಬದಲಾಗುವುದಿಲ್ಲ. ಸಾಲದ್ದನ್ನು ಮಂಡಿಯಿಂದ ತಿರುಚಿ ತುಂಬಿಸಿದರೆ ಮಂಡಿಯ ಒಳಬದಿ ನೋವು ಗ್ಯಾರಂಟಿ. ಪರೀಕ್ಷೆ ಸುಲಭ: ಪಾದ ಹೊರಕ್ಕಿಟ್ಟು ಮಂಡಿ ಬಾಗಿಸಿ, ಕೆಳಗೆ ನೋಡಿ. ಮಂಡಿ ಎರಡನೇ ಬೆರಳಿನ ಮೇಲೆ ಬಂದರೆ ಸರಿ. ಒಳಕ್ಕೆ ಬಿದ್ದರೆ ಪಾದವನ್ನು ಸ್ವಲ್ಪ ಒಳಕ್ಕೆ ತನ್ನಿ, ಕನ್ನಡಿಯಲ್ಲಿ ಚೆನ್ನಾಗಿ ಕಾಣದಿದ್ದರೂ ಪರವಾಗಿಲ್ಲ.

ಪಿರುಎಟ್, ಅಂದರೆ ಒಂದು ಕಾಲಿನ ಮೇಲೆ ಗಿರ್ರನೆ ತಿರುಗುವುದು, ಎಲ್ಲರಿಗೂ ಬೇಗ ಬೇಕು. ತಿರುಗುವ ರಭಸ ಸಾಲದು ಅಂದುಕೊಂಡು ಭುಜ ಬೀಸುತ್ತೇವೆ, ಬೀಳುತ್ತೇವೆ. ಒಂದು ಕಾಲು ಮಡಚಿ ಮಂಡಿಯ ಹತ್ತಿರ ತಂದು, ಇನ್ನೊಂದು ಕಾಲಿನ ಮುಂಪಾದದ ಮೇಲೆ ಒಂದೆರಡು ಎಣಿಕೆ ಸುಮ್ಮನೆ ನಿಲ್ಲಲು ಆಗದಿದ್ದರೆ ತಿರುಗಿ ಏನೂ ಪ್ರಯೋಜನವಿಲ್ಲ. ಈಗ ನಾನು ಕಾಲು ಸುತ್ತು, ಅರ್ಧ ಸುತ್ತು ಮಾಡುತ್ತಿದ್ದೇನೆ. ಬಲಗಡೆ ಪೂರ್ತಿ ಒಂದು ಸುತ್ತು ಆಗಾಗ ಬರುತ್ತದೆ. ಎಡಗಡೆಯ ಕಥೆ ಕೇಳಬೇಡಿ.

ಅಮ್ಮನ ಬಾಯಿ ಮುಚ್ಚಿಸಿದ್ದು ಭರತನಾಟ್ಯದ ರುಕ್ಮಿಣಿ ದೇವಿಯವರ ಕಥೆ. ಅವರು ಹುಟ್ಟಿದ್ದು 1904ರಲ್ಲಿ. ರಷ್ಯಾದ ಬ್ಯಾಲೆರಿನಾ ಆನಾ ಪಾವ್ಲೋವಾ 1928ರಲ್ಲಿ ಬೊಂಬಾಯಿಗೆ ಬಂದಾಗ ಆ ನೃತ್ಯವನ್ನು ರುಕ್ಮಿಣಿ ದೇವಿ ನೋಡಿದರು, ಆಮೇಲೆ ಪಾವ್ಲೋವಾ ತಂಡದ ಕ್ಲಿಯೋ ನೋರ್ಡಿ ಅವರಲ್ಲಿ ಬ್ಯಾಲೆ ಕಲಿಯಲು ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತರ ಮೇಲೆ, ಮದುವೆಯೂ ಆಗಿತ್ತು. ನಿಮ್ಮ ದೇಶದ್ದೇ ನೃತ್ಯ ಕಲಿಯಿರಿ ಅಂತ ಹೇಳಿದ್ದೂ ಪಾವ್ಲೋವಾ. ಹಾಗೆ ಭರತನಾಟ್ಯ ಕಲಿತು, 1935ರಲ್ಲಿ ವೇದಿಕೆ ಹತ್ತಿ, ಮರುವರ್ಷ ಕಲಾಕ್ಷೇತ್ರ ಅನ್ನುವ ನೃತ್ಯಶಾಲೆ ಕಟ್ಟಿದರು. ಅಂದರೆ ಎರಡೂ ನೃತ್ಯವನ್ನು ದೊಡ್ಡವರಾದ ಮೇಲೆ ಹಿಡಿದವರು. "ಅವರು ಬ್ಯಾಲೆಯಿಂದ ಭರತನಾಟ್ಯಕ್ಕೆ ಬಂದರು, ನೀನು ಉಲ್ಟಾ ಹೋಗುತ್ತಿದ್ದೀಯಾ" ಅಂದರು ಅಮ್ಮ. ಅದೂ ನಿಜವೇ.

ಶುರು ಮಾಡುವವರಿಗೆ ಖರ್ಚಿನ ಬಗ್ಗೆ ಒಂದು ಮಾತು. ಟುಟು ಅನ್ನುವ ಜಾಲರಿ ಲಂಗ ಬೇಡ, ಗುಲಾಬಿ ಬಣ್ಣದ ಏನೂ ಬೇಡ. ಲೆಗ್ಗಿಂಗ್ಸ್, ಮೈಗೆ ಅಂಟಿದ ಟೀ ಶರ್ಟ್, ಕ್ಯಾನ್ವಾಸ್‌ನ ಮೆತ್ತನೆ ಬ್ಯಾಲೆ ಶೂ ಸಾಕು. ಎಲಾಸ್ಟಿಕ್ ಸಡಿಲ ಇದ್ದರೆ ನಾವೇ ಹೊಲಿದುಕೊಳ್ಳಬೇಕು, ಸೂಜಿದಾರ ಇಟ್ಟುಕೊಳ್ಳಿ. ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಆನ್‌ಲೈನಿನಲ್ಲಿ ಕಂಡಿತು ಅಂತ ತರಿಸಬೇಡಿ. ಅದರ ಗಟ್ಟಿ ಮೂತಿಯೊಳಗೆ ಸಾಮಾನ್ಯವಾಗಿ ಇರುವುದು ಬಟ್ಟೆ, ಕಾಗದ ಮತ್ತು ಅಂಟು. ನಿಲ್ಲಿಸುವುದು ಶೂ ಅಲ್ಲ, ನಮ್ಮ ಕಾಲಿನ ಬಲ. ಪಾದ ನೋಡಿ, ಅಳತೆ ತೆಗೆದು, ಟೀಚರ್ ಹೂಂ ಅಂದ ಮೇಲೆ ತೆಗೆದುಕೊಳ್ಳುವ ವಸ್ತು ಅದು. ನಮ್ಮ ಟೀಚರ್ ಇನ್ನೂ ಹೂಂ ಅಂದಿಲ್ಲ, ನಾನೂ ಕೇಳಿಲ್ಲ. ಮೊದಲು ಎಡಗಡೆಯ ಸುತ್ತು ಒಂದು ಬರಲಿ.